ನೋಯದ ಹಲ್ಲಿನ ಗಡುವು

ಹಾವೇರಿ, ಬ್ಯಾಡಗಿ ಮತ್ತು ರಾಣೇಬೆನ್ನೂರು ಹುಬ್ಬಳ್ಳಿ–ಬೆಂಗಳೂರು ರೈಲು ಹಾದಿಯ ಮೇಲಿನ ಊರುಗಳಾದರೂ, ಹಲ್ಲಿನ ಚಿಕಿತ್ಸೆಯ ಮಟ್ಟಿಗೆ ಅವು ಬಹುಕಾಲ ಧಾರವಾಡ ಮತ್ತು ದಾವಣಗೆರೆಗಳ ಕಡೆ ಮುಖ ಮಾಡಿಕೊಂಡೇ ಇದ್ದವು. ದಾವಣಗೆರೆಯಲ್ಲಿ ಬಾಪೂಜಿ ದಂತ ಮಹಾವಿದ್ಯಾಲಯ 1979ರಲ್ಲಿ, ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ದಂತ ಮಹಾವಿದ್ಯಾಲಯ 1986ರಲ್ಲಿ ಆರಂಭವಾದ ಮೇಲೆ ಈ ಭಾಗದವರಿಗೆ ಹಲ್ಲು ಕೀಳಿಸಿಕೊಳ್ಳುವುದಲ್ಲದೆ ಬೇರೆ ದಾರಿಯೂ ಇದೆಯೆಂಬುದು ನಿಧಾನವಾಗಿ ತಿಳಿದುಬಂದಿತು. ಆದರೂ ಹಲ್ಲು ಕೀಳುವವರು ಊರಿನಲ್ಲೇ ಸಿಗುತ್ತಿದ್ದರು, ಹಲ್ಲು ಉಳಿಸುವವರಿಗಾಗಿ ಬಸ್ಸು ಹತ್ತಬೇಕಾಗುತ್ತಿತ್ತು. ಹೀಗೆ ಕಷ್ಟಪಟ್ಟು ಉಳಿಸಿಕೊಂಡು ಬಂದ ಹಲ್ಲಿನ ಮೇಲಿನ ಕ್ಯಾಪ್ ಸಡಿಲವಾದಾಗ ಅಥವಾ ಕಳಚಿ ಬಿದ್ದಾಗ, ಅದು ಬಿದ್ದ ಗಳಿಗೆಗೂ ವೈದ್ಯರ ಕುರ್ಚಿಗೂ ನಡುವಿನ ದಿನಗಳನ್ನು ಮನೆಯವರು, ಅಂಗಡಿಯವರು, ಕಂಪೌಂಡರುಗಳು ತಮ್ಮ ತಮ್ಮ ತಿಳಿವಳಿಕೆಯಂತೆ ನಿಭಾಯಿಸುತ್ತಿದ್ದರು. ಆ ದಿನಗಳಲ್ಲಿ ಏನು ಮಾಡಿದರು, ಏನು ಮಾಡದೆ ಬಿಟ್ಟರು ಎಂಬುದರ ಮೇಲೆಯೇ ಹಲ್ಲುಗಳ ಅಳಿವು ಉಳಿವು ನಿಂತಿತ್ತೆಂಬುದನ್ನು ಈ ಬರಹಗಾರನ ಕುಟುಂಬದ ನೆನಪುಗಳು ತೋರಿಸುತ್ತವೆ.

ಕ್ಯಾಪ್ ಎಂದು ಜನ ಕರೆಯುವ, ವೈದ್ಯರು ಕ್ರೌನ್ ಎನ್ನುವ ಈ ವಸ್ತು ಹಲ್ಲಿನ ಒಸಡಿನಿಂದ ಮೇಲಿನ ಭಾಗವನ್ನು ಸುತ್ತಲೂ ಮುಚ್ಚುವ ಗಟ್ಟಿ ಹೊದಿಕೆ. ಹಿಂದೆ ಹೆಚ್ಚಾಗಿ ಬರಿಯ ಲೋಹದಲ್ಲಿ, ಆಮೇಲೆ ಲೋಹದ ಮೇಲೆ ಪಿಂಗಾಣಿ ಕೂಡಿಸಿ, ಈಚೆಗೆ ಜಿರ್ಕೋನಿಯಾ ಎಂಬ ಬಿಳಿ ವಸ್ತುವಿನಲ್ಲಿ ಇದನ್ನು ಮಾಡುತ್ತಾರೆ. ಬಹುಪಾಲು ಕ್ಯಾಪುಗಳು ಕೂರುವುದು ರೂಟ್ ಕೆನಾಲ್ ಆದ ಹಲ್ಲಿನ ಮೇಲೆ. ಹಲ್ಲಿನೊಳಗಿನ ನರ ಮತ್ತು ರಕ್ತನಾಳಗಳಿರುವ ಮೆತ್ತನೆಯ ತಿರುಳು ಕೊಳೆತಾಗ ಅದನ್ನು ತೆಗೆದು, ಬೇರಿನ ನಾಳಗಳನ್ನು ಶುಚಿಗೊಳಿಸಿ ತುಂಬುವುದೇ ರೂಟ್ ಕೆನಾಲ್ ಚಿಕಿತ್ಸೆ. ಹುಳುಕಿನಿಂದ ಒಂದಷ್ಟು, ಚಿಕಿತ್ಸೆಗಾಗಿ ಕೊರೆದದ್ದರಿಂದ ಮತ್ತಷ್ಟು ಭಾಗ ಹೋಗಿರುವುದರಿಂದ, ಉಳಿದ ಗೋಡೆಗಳು ಅಗಿಯುವ ಭಾರ ತಾಳದೆ ಸೀಳಬಾರದೆಂದು ಕ್ಯಾಪ್ ಹಾಕಲಾಗುತ್ತದೆ. ಅಂದರೆ ಅದು ಅಂದಕ್ಕಾಗಿ ಇರುವುದಕ್ಕಿಂತ ಹೆಚ್ಚಾಗಿ, ಬಲಗುಂದಿದ ಹಲ್ಲನ್ನು ಸುತ್ತಲಿಂದ ಹಿಡಿದು ನಿಲ್ಲಿಸಲು ಇರುತ್ತದೆ.

ಈ ಹೊದಿಕೆ ಅಂಟಿನ ಬಲದಿಂದಲೇ ನಿಂತಿರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಅದನ್ನು ಹಿಡಿದಿಡುವುದರಲ್ಲಿ ಒಳಗಿನ ಹಲ್ಲಿನ ಆಕಾರದ ಪಾಲು ದೊಡ್ಡದು. ವೈದ್ಯರು ಹಲ್ಲನ್ನು ಅರೆದು, ಅದರ ಎದುರುಬದುರಿನ ಗೋಡೆಗಳು ಹೆಚ್ಚುಕಡಿಮೆ ಸಮಾನಾಂತರವಾಗಿ, ಮೇಲಕ್ಕೆ ಅತ್ಯಲ್ಪವೇ ಕಿರಿದಾಗುವಂತೆ ರೂಪಿಸುತ್ತಾರೆ. ಕ್ಯಾಪ್ ಮತ್ತು ಹಲ್ಲಿನ ನಡುವಿನ ಕೂದಲೆಳೆಗಿಂತ ಕಿರಿದಾದ ಸಂದನ್ನು ಮುಚ್ಚುವ ಕೆಲಸ ಸಿಮೆಂಟಿನದು. ಇದಕ್ಕೆ ಹಳೆಯ ಕಾಲದಿಂದ ಬಳಕೆಯಲ್ಲಿದ್ದದ್ದು ಜಿಂಕ್ ಫಾಸ್ಫೇಟ್. 1970ರ ದಶಕದ ಆರಂಭದಲ್ಲಿ ಬ್ರಿಟನ್ನಿನ ವಿಲ್ಸನ್ ಮತ್ತು ಕೆಂಟ್ ಬೆಳಕಿಗೆ ತಂದ ಗ್ಲಾಸ್ ಅಯನೋಮರ್ ಆಮೇಲೆ ವ್ಯಾಪಕವಾಯಿತು. ಒಳ್ಳೆಯ ಸಿಮೆಂಟಿನ ಪದರ ಸುಮಾರು 25 ಮೈಕ್ರಾನ್, ಎಂದರೆ ಮಿಲಿಮೀಟರಿನ ನಲವತ್ತನೆಯ ಒಂದು ಭಾಗದಷ್ಟು ತೆಳುವಾಗಿರಬೇಕೆಂಬ ಅಳತೆಯನ್ನು ನೆನಪಿನಲ್ಲಿಟ್ಟುಕೊಂಡರೆ, ಮುಂದೆ ಹೇಳಲಿರುವ ಕೆಲವು ಮನೆಮದ್ದುಗಳು ಏಕೆ ಕೆಟ್ಟವೆಂಬುದು ತಾನಾಗಿ ತಿಳಿಯುತ್ತದೆ. ವರ್ಷಗಳ ಕಾಲ ಎಂಜಲಿಗೆ ಸಿಕ್ಕಿ ಸಿಮೆಂಟು ಕರಗಿದಾಗ, ಕ್ಯಾಪಿನ ಅಂಚಿನ ಕೆಳಗೆ ಹೊಸ ಹುಳುಕು ನುಗ್ಗಿದಾಗ, ಒಳಗಿನ ಹಲ್ಲು ಮೊದಲೇ ಗಿಡ್ಡಗಿದ್ದಾಗ ಅಥವಾ ರಾತ್ರಿ ಹಲ್ಲು ಕಡಿಯುವ ಚಾಳಿಯಿದ್ದಾಗ ಕ್ಯಾಪ್ ಸಡಿಲವಾಗುತ್ತದೆ. ಅಂಟು ತಿನಿಸೋ ಗಟ್ಟಿ ಪದಾರ್ಥವೋ ಕೊನೆಗೆ ಅದನ್ನು ಕೀಳುವುದು ಒಂದು ನೆಪ ಮಾತ್ರ.

ಬ್ಯಾಡಗಿಯಲ್ಲಿ ಅಂಥ ನೆಪಗಳಿಗೆ ಕೊರತೆಯಿರಲಿಲ್ಲ. ಖಾರ ಕಡಿಮೆಯಿದ್ದು ಬಣ್ಣ ದಟ್ಟವಾಗಿರುವ, 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಸುಗ್ಗಿ ಸಂಕ್ರಾಂತಿಯ ಆಸುಪಾಸಿನಲ್ಲಿ ಏರುತ್ತ ಹೋಗಿ ಬೇಸಗೆಯವರೆಗೂ ನಡೆಯುತ್ತದೆ. ಆ ತಿಂಗಳುಗಳಲ್ಲಿ ಮಾರುಕಟ್ಟೆಯ ಪ್ರಾಂಗಣ ಕೆಂಪು ಚೀಲಗಳಿಂದ ತುಂಬಿ, ಗಾಳಿಯಲ್ಲಿ ಘಾಟು ಏರಿ, ಹೊಸಬರು ಕೆಮ್ಮುತ್ತ ಹೊರಗೆ ಬಂದರೆ, ಹಳಬರು ಮೂಗಿಗೆ ಟವೆಲ್ಲು ಸುತ್ತಿಕೊಂಡು ಲೆಕ್ಕ ಬರೆಯುತ್ತಿದ್ದರು. ಹಾಗೆ ಲೆಕ್ಕ ಬರೆಯುತ್ತಿದ್ದವರಲ್ಲಿ ಒಬ್ಬರು ಈ ಬರಹಗಾರನ ತಂದೆ; ಒಂದು ದಲಾಲಿ ಅಂಗಡಿಯಲ್ಲಿ, ಅಂದರೆ ರೈತರ ಮಾಲನ್ನು ಕಮಿಷನ್ನಿನ ಮೇಲೆ ಮಾರಿಕೊಡುವ ಅಂಗಡಿಯಲ್ಲಿ, ಅವರು ಗುಮಾಸ್ತರಾಗಿದ್ದರು. ಹಾವೇರಿ 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಹೊಸ ಜಿಲ್ಲೆಯಾದ ಮೇಲಿನ ಒಂದು ಸುಗ್ಗಿಯಲ್ಲಿ, ಮಧ್ಯಾಹ್ನದ ಬುತ್ತಿಯ ಖಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿಯೊಂದಿಗೆ ತಿನ್ನುತ್ತಿದ್ದಾಗ ಅವರ ಕೆಳದವಡೆಯ ಹಳೆಯ ಲೋಹದ ಕ್ಯಾಪ್ ತುತ್ತಿನೊಂದಿಗೆ ಕೈಗೆ ಬಂದಿತು. ಅಂಗಡಿಯ ಮಾಲೀಕರು ಕೇಳಿದ್ದು ಒಂದೇ ಪ್ರಶ್ನೆ: "ನೂಸಾಕತ್ತೈತೇನ್ರಿ?" ತಂದೆ "ಇಲ್ರೀ ಸಾಹುಕಾರ್ರ" ಎಂದರು. "ಹಂಗಾರ ಸುಗ್ಗಿ ಮುಗೀಲಿ, ಆಮ್ಯಾಲೆ ಹೋಗಿ ತೋರಿಸ್ಕೊಂಡು ಬರ್ರಿ" ಎಂದು ಮಾತು ಮುಗಿಯಿತು. ತಂದೆ ಕ್ಯಾಪನ್ನು ಒರೆಸಿ, ಚೀಟಿಯಲ್ಲಿ ಸುತ್ತಿ, ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ಈ ಮಾತುಕತೆಯಲ್ಲಿ ಯಾರದೂ ನಿರ್ದಯೆ ಇರಲಿಲ್ಲ. ಸೋಮವಾರ ಮತ್ತು ಗುರುವಾರದ ಟೆಂಡರುಗಳ ನಡುವೆ ಲೆಕ್ಕದ ಮನುಷ್ಯ ಒಂದು ದಿನ ಕಾಣದಿದ್ದರೆ ಹತ್ತಾರು ರೈತರ ಪಟ್ಟಿ, ತೂಕ, ಹಣ ಎಲ್ಲವೂ ನಿಂತುಬಿಡುವ ಕಾಲ ಅದು. ಎಡವಿದ್ದು ಆ ಒಂದು ಪ್ರಶ್ನೆಯನ್ನೇ ಅಳತೆಗೋಲು ಮಾಡಿಕೊಂಡದ್ದರಲ್ಲಿ. ನರವಿಲ್ಲದ ಹಲ್ಲು ತಣ್ಣೀರಿಗೆ ಜುಮ್ಮೆನ್ನುವುದಿಲ್ಲ, ಬಿಸಿ ಚಹಾಕ್ಕೆ ಸಿಡಿಯುವುದಿಲ್ಲ, ಒಳಗೆ ಹುಳುಕು ಹಬ್ಬಿದರೂ ಬಹಳ ದಿನ ಸುಮ್ಮನಿರುತ್ತದೆ. ರೂಟ್ ಕೆನಾಲ್ ಆಗದ, ಜೀವಂತ ತಿರುಳಿರುವ ಹಲ್ಲಿನ ಕ್ಯಾಪ್ ಬಿದ್ದಿದ್ದರೆ ಅರೆದ ಮೈ ಗಾಳಿಗೂ ನೊಂದು, ಮನುಷ್ಯನನ್ನು ಮರುದಿನವೇ ವೈದ್ಯರ ಬಳಿಗೆ ಅಟ್ಟುತ್ತಿತ್ತು. ಹಾಗಾಗಿ ಅತಿ ದುರ್ಬಲವಾದ ಹಲ್ಲೇ ಅತಿ ಕಡಿಮೆ ದೂರು ಹೇಳುವಂತಾಗಿ, ಚಿಕಿತ್ಸೆಯ ಸರದಿಯಲ್ಲಿ ಕೊನೆಗೆ ನಿಲ್ಲುತ್ತದೆ.

ತಂದೆಯ ಹಲ್ಲಿಗೆ ಮುಂದಿನ ವಾರಗಳಲ್ಲಿ ಆದದ್ದನ್ನು ದಾವಣಗೆರೆಯ ವೈದ್ಯರು ಆಮೇಲೆ ಕನ್ನಡಿ ಹಿಡಿದು ತೋರಿಸಿದರು. ಹೊದಿಕೆ ಕಳೆದುಕೊಂಡ ಮೋಟು ಹಲ್ಲಿನ ಒಳಗೋಡೆ ಯಾವುದೋ ತುತ್ತಿನಲ್ಲಿ ಒಸಡಿನ ಮಟ್ಟದವರೆಗೂ ಸೀಳಿತ್ತು. ಉಳಿದ ಭಾಗದ ಮೇಲೆ ಒಸಡು ಬೆಳೆದು ಅಂಚನ್ನು ಮುಚ್ಚಿತ್ತು. ಪಕ್ಕದ ಹಲ್ಲು ಖಾಲಿ ಜಾಗದ ಕಡೆ ವಾಲತೊಡಗಿತ್ತು. ಜೇಬಿನಿಂದ ಜೇಬಿಗೆ ವರ್ಗವಾಗುತ್ತ ಜೋಪಾನವಾಗಿ ಉಳಿದಿದ್ದ ಕ್ಯಾಪ್ ಮೊದಲಿನಂತೆಯೇ ಇದ್ದರೂ ಅದು ಕೂರುವ ಹಲ್ಲು ಮೊದಲಿನಂತೆ ಇರಲಿಲ್ಲ. ಕ್ಯಾಪ್ ಭದ್ರವಾಗಿ ನಿಲ್ಲಬೇಕಾದರೆ ಒಸಡಿನ ಮೇಲೆ ಸುತ್ತಲೂ ಸುಮಾರು ಎರಡು ಮಿಲಿಮೀಟರಿನಷ್ಟು ಗಟ್ಟಿ ಹಲ್ಲು ಉಳಿದಿರಬೇಕು. ವೈದ್ಯರು ಫೆರೂಲ್ ಎನ್ನುವ ಈ ಪಟ್ಟಿಯನ್ನು ಅವರು ಬಳೆಯಂತೆ ಬೆರಳಿನಲ್ಲಿ ಸುತ್ತಿ ತೋರಿಸಿ, ಅದಿಲ್ಲದ ಮೇಲೆ ಸಿಮೆಂಟು ಹಾಕಿ ಪ್ರಯೋಜನವಿಲ್ಲವೆಂದರು. ಕೊನೆಗೆ ಆ ಹಲ್ಲನ್ನು ಕೀಳಲಾಯಿತು. ಬಿದ್ದ ವಾರದಲ್ಲೇ ಬಂದಿದ್ದರೆ, ಒಳಗಿನ ಹಲ್ಲು ಗಟ್ಟಿಯಾಗಿದ್ದ ಪಕ್ಷದಲ್ಲಿ, ಹಳೆಯ ಸಿಮೆಂಟು ಕೆರೆದು ಅದೇ ಕ್ಯಾಪನ್ನು ಮತ್ತೆ ಕೂರಿಸುವುದು ಒಂದೇ ಭೇಟಿಯ ಕೆಲಸವಾಗುತ್ತಿತ್ತು.

ಇದಕ್ಕೆ ಸರಿಯಾಗಿ ಎದುರಾದ ನೆನಪು ರಾಣೇಬೆನ್ನೂರಿನದು, ಮತ್ತು ಅದು ಕೆಲವು ವರ್ಷಗಳ ಅನಂತರದ್ದು. ಅಲ್ಲಿ ಶಾಲಾ ಶಿಕ್ಷಕಿಯಾಗಿದ್ದ, ಮನೆಯವರೆಲ್ಲ ಚಿಗವ್ವ ಎಂದು ಕರೆಯುವ ಚಿಕ್ಕಮ್ಮನ ಪಿಂಗಾಣಿ ಕ್ಯಾಪ್ ನಾಗರ ಪಂಚಮಿಯಂದು ಅಂಟಿನ ಉಂಡಿಗೆ ಅಂಟಿಕೊಂಡು ಬಂದಿತು. ಉತ್ತರ ಕರ್ನಾಟಕದಲ್ಲಿ ಪಂಚಮಿಯೆಂದರೆ ಉಂಡಿಗಳ ಹಬ್ಬ. ಶೇಂಗಾ, ಎಳ್ಳು, ತಂಬಿಟ್ಟು, ಅಂಟು ಹೀಗೆ ಬಗೆಬಗೆಯ ಉಂಡಿಗಳು ಬೆಲ್ಲದ ಪಾಕದಲ್ಲಿ ಬಿಗಿದು ಡಬ್ಬಿ ತುಂಬಿರುತ್ತವೆ, ಮತ್ತು ಹಬ್ಬದ ದಿನಗಳಲ್ಲಿ ದವಾಖಾನೆಗಳ ಬಾಗಿಲು ಮುಚ್ಚಿರುತ್ತದೆ. ಚಿಗವ್ವ ಮೊದಲು ಮಾಡಿದ್ದು ಅಗಿಯುವುದನ್ನು ನಿಲ್ಲಿಸಿ, ಬಾಯಲ್ಲಿದ್ದುದನ್ನೆಲ್ಲ ಒಂದು ತಟ್ಟೆಗೆ ಉಗುಳಿ, ಕ್ಯಾಪನ್ನು ಬೆರಳಿನಿಂದ ಹುಡುಕಿ ತೆಗೆದದ್ದು. ನುಂಗಿಬಿಡುವ ಅಪಾಯ ಹೆಚ್ಚಾಗಿರುವುದು ಆ ಗಾಬರಿಯ ಗಳಿಗೆಯಲ್ಲಿಯೇ. ಮೋರಿಯ ಮೇಲೆ ಹಿಡಿದು ತೊಳೆಯದೆ, ಬಟ್ಟಲಿನ ನೀರಿನಲ್ಲಿ ಅದ್ದಿ, ಮೆತ್ತನೆಯ ಬ್ರಶ್ಶಿನಿಂದ ಹೊರಗೂ ಒಳಗೂ ಉಜ್ಜಿದರು. ಆಮೇಲೆ ಬೆಳಕಿಗೆ ಹಿಡಿದು ಕ್ಯಾಪಿನ ಒಳಗನ್ನು, ಕನ್ನಡಿಯಲ್ಲಿ ಹಲ್ಲನ್ನು ನೋಡಿದರು.

ಈ ನೋಡುವ ಕೆಲಸ ಸಣ್ಣದಾಗಿ ಕಂಡರೂ ಮುಂದಿನದೆಲ್ಲವೂ ಅದರ ಮೇಲೆ ನಿಂತಿದೆ. ಕ್ಯಾಪ್ ಟೊಳ್ಳಾಗಿದ್ದು ಒಳಗೆ ಬರಿಯ ಸಿಮೆಂಟಿನ ಕಲೆ ಮಾತ್ರ ಕಂಡರೆ, ಹಲ್ಲು ತನ್ನ ಜಾಗದಲ್ಲಿ ಪೂರ್ತಿಯಾಗಿದೆಯೆಂದು ತಿಳಿಯಬಹುದು. ಕ್ಯಾಪಿನೊಳಗೆ ಹಲ್ಲಿನದೇ ಚೂರು ತುಂಬಿಕೊಂಡಿದ್ದರೆ ಹಲ್ಲು ಮುರಿದಿದೆಯೆಂದು ಅರ್ಥ. ಕ್ಯಾಪಿನ ಕೆಳಗಿನಿಂದ ಮೊಳೆಯಂಥ ಕಡ್ಡಿ ಚಾಚಿಕೊಂಡಿದ್ದರೆ ಅದು ಪೋಸ್ಟ್, ಅಂದರೆ ಬೇರಿನೊಳಗೆ ಇಳಿಸಿದ ಆಧಾರದ ಕಂಬಿ. ಅದನ್ನು ಮನೆಯಲ್ಲಿ ಮತ್ತೆ ಒತ್ತಿ ಕೂರಿಸಲು ಹೋದರೆ ಬೇರೇ ಸೀಳುವ ಭಯವಿದೆ. ಇಂಪ್ಲಾಂಟ್, ಎಂದರೆ ಎಲುಬಿಗೆ ಕೂರಿಸಿದ ಲೋಹದ ಬೇರಿನ ಮೇಲಿನ ಕ್ಯಾಪ್ ಬಿದ್ದಾಗಲೂ ಅಷ್ಟೇ, ಅದರ ತಿರುಪಿನ ಜೋಡಣೆ ವೈದ್ಯರ ಕೈಗೇ ಸೇರಿದ್ದು. ಈ ಮೂರು ಸಂದರ್ಭಗಳಲ್ಲಿಯೂ ಕ್ಯಾಪನ್ನು ಡಬ್ಬಿಯಲ್ಲಿಟ್ಟು ಸುಮ್ಮನಿರುವುದೇ ಉತ್ತಮ ಆರೈಕೆ. ಟೊಳ್ಳು ಕ್ಯಾಪ್ ಮತ್ತು ಗಟ್ಟಿ ಹಲ್ಲು ಇದ್ದಾಗ ಮಾತ್ರ ತಾತ್ಕಾಲಿಕವಾಗಿ ಕೂರಿಸುವ ಯೋಚನೆ ಮಾಡಬಹುದು.

ಚಿಗವ್ವನದು ಅಂಥ ಕ್ಯಾಪ್. ಪರಿಚಯದ ದಂತವೈದ್ಯರು ಫೋನಿನಲ್ಲಿ ಹೇಳಿದಂತೆ ಅವರು ಮೊದಲು ಏನನ್ನೂ ಹಚ್ಚದೆ ಕ್ಯಾಪನ್ನು ಹಲ್ಲಿನ ಮೇಲಿಟ್ಟು, ಯಾವ ದಿಕ್ಕಿಗೆ ಅದು ಪೂರ್ತಿ ಕೆಳಗಿಳಿಯುತ್ತದೆ ಎಂಬುದನ್ನು ಗೊತ್ತುಮಾಡಿಕೊಂಡರು. ದವಡೆಗಳನ್ನು ಮೆಲ್ಲಗೆ ಕೂಡಿಸಿದಾಗ ಉಳಿದ ಹಲ್ಲುಗಳೆಲ್ಲ ಎಂದಿನಂತೆ ತಾಕಿದರೆ ಮಾತ್ರ ಅದು ಸರಿಯಾಗಿ ಕೂತಿದೆಯೆಂದು ಲೆಕ್ಕ. ಆಮೇಲೆ ಹಲ್ಲನ್ನು ಹತ್ತಿಯಿಂದ ಒರೆಸಿ ಒಣಗಿಸಿ, ಔಷಧಿ ಅಂಗಡಿಯಲ್ಲಿ ಹಲ್ಲಿನ ಸೆಟ್ಟು ಹಿಡಿಸಲು ಮಾರುವ ಕ್ರೀಮನ್ನು ಕ್ಯಾಪಿನ ಒಳಮೈಗೆ ತೆಳುವಾಗಿ ಸವರಿ, ಗೊತ್ತುಮಾಡಿದ ದಿಕ್ಕಿನಲ್ಲಿ ಕೂರಿಸಿ, ಹೊರಚೆಲ್ಲಿದ್ದನ್ನು ಒರೆಸಿದರು. ಆ ಕ್ರೀಮು ಸಿಗದ ಊರಿನಲ್ಲಿ ತುಸು ಟೂತ್‌ಪೇಸ್ಟು ಕೆಲವು ತಾಸುಗಳ ಮಟ್ಟಿಗೆ ಅದೇ ಕೆಲಸ ಮಾಡೀತು. ಕೆಲವು ದೇಶಗಳಲ್ಲಿ ತಾತ್ಕಾಲಿಕ ಸಿಮೆಂಟನ್ನೇ ಪುಟ್ಟ ಪೊಟ್ಟಣಗಳಲ್ಲಿ ಜನರಿಗೆ ಮಾರುತ್ತಾರೆ. ಯಾವುದನ್ನು ಬಳಸಿದರೂ ರಾತ್ರಿ ಮಲಗುವ ಮುನ್ನ ಕ್ಯಾಪನ್ನು ತೆಗೆದಿಡಬೇಕು, ಏಕೆಂದರೆ ನಿದ್ರೆಯಲ್ಲಿ ಅದು ಕಳಚಿ ಗಂಟಲಿಗೆ ಅಥವಾ ಶ್ವಾಸನಾಳಕ್ಕೆ ಜಾರಬಹುದು. ಚಿಗವ್ವ ಅದನ್ನು ಕುಂಕುಮದ ಖಾಲಿ ಡಬ್ಬಿಯೊಂದರಲ್ಲಿ ಹಾಕಿ, ದೇವರ ಜಗುಲಿಯ ಮೇಲೆ, ಯಾರೂ ಕಸವೆಂದು ಎಸೆಯದ ಜಾಗದಲ್ಲಿ ಇಟ್ಟರು. ಹಬ್ಬ ಮುಗಿದು ದವಾಖಾನೆ ತೆರೆದ ಬೆಳಿಗ್ಗೆ ಅದೇ ಕ್ಯಾಪ್ ಅದೇ ಹಲ್ಲಿನ ಮೇಲೆ ಹೊಸ ಸಿಮೆಂಟಿನೊಂದಿಗೆ ಕೂತಿತು.

ಹಾವೇರಿಯ ನೆನಪು ಇವೆರಡಕ್ಕೂ ಭಿನ್ನ. ಅಲ್ಲಿ ತಡವೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ಸೋದರಮಾವ ತಮ್ಮ ಸಡಿಲವಾದ ಲೋಹದ ಕ್ಯಾಪನ್ನು ಪರಿಚಯದ ಪತ್ತಾರರ ಬಳಿ ಒಯ್ದು, ಅದರ ಅಂಚನ್ನು ಚಿಮಟದಿಂದ ಒಳಕ್ಕೆ ಒತ್ತಿಸಿ ಬಿಗಿ ಮಾಡಿಸಿಕೊಂಡರು; ಉಂಗುರ ಸಡಿಲವಾದಾಗ ಮಾಡುವ ಕೆಲಸವೇ ಇದು ಎಂಬುದು ಅವರ ತರ್ಕ. ಬಾಗಿದ ಅಂಚು ಹಲ್ಲಿನ ಮೇಲೆ ಪೂರ್ತಿ ಇಳಿಯದೆ ನಿಂತಾಗ, ಕ್ಷಣದಲ್ಲಿ ಹಿಡಿಯುವ ಅಂಟಿನ ಎರಡು ಹನಿ ಹಾಕಿ ಬಲವಾಗಿ ಕಚ್ಚಿದರು. ಕ್ಯಾಪ್ ಎತ್ತರದಲ್ಲೇ ಗಟ್ಟಿಯಾಗಿ, ಕಚ್ಚಿದಾಗಲೆಲ್ಲ ಮೊದಲು ಅದೇ ತಾಕುವಂತಾಗಿ, ಎದುರಿನ ಹಲ್ಲು ನೋಯತೊಡಗಿತು. ಒಸಡಿನ ಅಂಚು ಬೆಳ್ಳಗೆ ಸುಟ್ಟಂತಾಯಿತು. ಸೈನೊಅಕ್ರಿಲೇಟ್ ಎಂಬ ಈ ಜಾತಿಯ ಅಂಟುಗಳು ಮನೆಯ ಸಾಮಾನಿಗಾಗಿ ತಯಾರಾದವು. ಅವು ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಬಾಯಿಯ ಮೆತ್ತನೆಯ ಚರ್ಮಕ್ಕೆ ಹಾನಿಯಾಗುತ್ತದೆ, ಹಲ್ಲಿಗೂ ಕ್ಯಾಪಿಗೂ ಹತ್ತಿದ ಪದರ ಕೆರೆದರೂ ಸುಲಭವಾಗಿ ಬಿಡುವುದಿಲ್ಲ. ಮಿಲಿಮೀಟರಿನ ನಲವತ್ತನೆಯ ಭಾಗಕ್ಕೆ ಅಳತೆ ಮಾಡಿದ ಸಂದಿನಲ್ಲಿ ಇಂಥ ಪದರವೊಂದು ಉಳಿದುಬಿಟ್ಟರೆ ಒಳ್ಳೆಯ ಕ್ಯಾಪೂ ಕೆಲಸಕ್ಕೆ ಬಾರದಾಗುತ್ತದೆ. ಮಾವನಿಗೆ ಹಲ್ಲು ಉಳಿಯಿತು, ಕ್ಯಾಪ್ ಮಾತ್ರ ಹೊಸದಾಗಿ ಮಾಡಿಸಬೇಕಾಯಿತು.

ಮನೆಮದ್ದುಗಳೆಲ್ಲವೂ ತಳ್ಳಿಹಾಕುವಂಥವಲ್ಲ. ಲವಂಗದ ಎಣ್ಣೆಯ ಮುಖ್ಯಾಂಶವಾದ ಯುಜೆನಾಲ್ ಹಲ್ಲಿನ ನೋವನ್ನು ತುಸು ಮರಗಟ್ಟಿಸುತ್ತದೆ. ದಂತವೈದ್ಯರೇ ಬಳಸುವ ಒಂದು ಬಗೆಯ ತಾತ್ಕಾಲಿಕ ಸಿಮೆಂಟು ಸತುವಿನ ಆಕ್ಸೈಡನ್ನು ಇದೇ ಯುಜೆನಾಲಿನೊಂದಿಗೆ ಕಲಸಿ ಮಾಡಿದ್ದು. ಜೀವಂತ ಹಲ್ಲು ಜುಮ್ಮೆನ್ನುತ್ತಿದ್ದರೆ ಹತ್ತಿಯ ತುದಿಗೆ ಒಂದು ಹನಿ ಮುಟ್ಟಿಸಿ ಹಲ್ಲಿಗಷ್ಟೇ ಹಚ್ಚಬಹುದು, ಸುರಿದುಕೊಂಡರೆ ಒಸಡು ಸುಡುತ್ತದೆ. ಯುಜೆನಾಲಿನ ಪಸೆ ರಾಳದ ಜಾತಿಯ ಹೊಸ ಸಿಮೆಂಟುಗಳು ಗಟ್ಟಿಯಾಗುವುದಕ್ಕೆ ಅಡ್ಡಿ ಮಾಡುವುದರಿಂದ, ಲವಂಗದ ಎಣ್ಣೆ ಹಚ್ಚಿದ್ದರೆ ಆ ಮಾತನ್ನು ವೈದ್ಯರಿಗೆ ಮರೆಯದೆ ಹೇಳಬೇಕು. ಲೋಟದ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುವುದು ಒಸಡಿಗೆ ಹಿತ. ನೋವಿನ ಮಾತ್ರೆಯನ್ನು ಅರೆದು ಒಸಡಿಗೆ ಒತ್ತಿಡುವ ರೂಢಿ ಮಾತ್ರ ಬಿಡಬೇಕಾದದ್ದು. ಆಸ್ಪಿರಿನ್ ಚರ್ಮವನ್ನು ಸುಡುತ್ತದೆ. ಊಟದ ವಿಷಯದಲ್ಲಿ ಈ ಭಾಗದ ಅಡುಗೆಮನೆಯಲ್ಲಿಯೇ ಉತ್ತರವಿದೆ: ಖಡಕ್ ರೊಟ್ಟಿ, ಅಡಿಕೆ, ಚಿಕ್ಕಿ, ಉಂಡಿಗಳನ್ನು ಬದಿಗಿಟ್ಟು, ಮಜ್ಜಿಗೆ ಹಾಕಿದ ಜೋಳದ ನುಚ್ಚು, ಗೋಧಿ ಹುಗ್ಗಿ, ಹಾಲಿನಲ್ಲಿ ನೆನೆಸಿದ ರೊಟ್ಟಿ, ಎಣ್ಣೆ ಹಾಕಿ ಮಿದ್ದಿದ ಬಿಸಿರೊಟ್ಟಿಯ ಮುಟಗಿ, ಇವನ್ನು ಇನ್ನೊಂದು ಬದಿಯಿಂದ ಅಗಿಯಬಹುದು. ಬರಿದಾದ ಹಲ್ಲನ್ನು ಮುಟ್ಟಲು ಹೆದರಿ ಬ್ರಶ್ಶು ತಾಗಿಸದೆ ಬಿಡುವವರು ಬಹಳ, ಆದರೆ ಅದು ಎಲ್ಲಕ್ಕಿಂತ ಹೆಚ್ಚು ಶುಚಿಯಾಗಿರಬೇಕಾದ ದಿನಗಳು ಅವೇ.

ಇನ್ನು ಕ್ಯಾಪ್ ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನೇ ಹೊರಬೀಳುತ್ತದೆ. ಆದರೆ ಅದು ಕಳಚಿದ ಹೊತ್ತಿನಿಂದ ಕೆಮ್ಮು ನಿಲ್ಲದಿದ್ದರೆ, ಉಸಿರಿನಲ್ಲಿ ಸೀಟಿಯ ಸದ್ದು ಬಂದರೆ ಅಥವಾ ಉಸಿರಾಟ ಕಷ್ಟವಾದರೆ ಅದು ಶ್ವಾಸನಾಳಕ್ಕೆ ಹೋಗಿರಬಹುದಾದ್ದರಿಂದ ತಕ್ಷಣ ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಮೆಣಸಿನಕಾಯಿ ಘಾಟಿನ ಊರಿನಲ್ಲಿ ಕೆಮ್ಮನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಈ ಎಚ್ಚರಿಕೆ ಬ್ಯಾಡಗಿಯವರಿಗೆ ಇನ್ನಷ್ಟು ಸಲ್ಲುತ್ತದೆ. ಮುಖ ಊದಿಕೊಳ್ಳುವುದು, ಜ್ವರ ಬರುವುದು, ಬಾಯಿ ತೆರೆಯಲು ಅಥವಾ ನುಂಗಲು ಆಗದಿರುವುದು ಸೋಂಕು ಹರಡಿದ ಗುರುತುಗಳು. ಅಂಥಲ್ಲಿ ಅಂದೇ ವೈದ್ಯರನ್ನು ಕಾಣಬೇಕು.

ಇಂದು ಈ ಮೂರು ಊರುಗಳಲ್ಲಿಯೂ ರೂಟ್ ಕೆನಾಲ್ ಮಾಡುವ ದವಾಖಾನೆಗಳಿವೆ, ಮತ್ತು ಕ್ಯಾಪ್ ಮತ್ತೆ ಕೂರಿಸಿಕೊಳ್ಳಲು ದಾವಣಗೆರೆಗೋ ಧಾರವಾಡಕ್ಕೋ ಹೋಗುವ ಅಗತ್ಯ ವಿರಳ. ಹಾಗಿದ್ದರೂ ಬಿದ್ದ ಕ್ಯಾಪನ್ನು ಚೀಟಿಯಲ್ಲಿ ಸುತ್ತಿ ಸುಗ್ಗಿ, ಬಿತ್ತನೆ, ಮದುವೆ, ಪರೀಕ್ಷೆಗಳು ಮುಗಿಯಲೆಂದು ಕಾಯುವವರು ಕಡಿಮೆಯಾಗಿಲ್ಲ. ತಡಕ್ಕೆ ಕಾರಣ ದೂರವೊಂದೇ ಆಗಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ನೋವನ್ನೇ ರೋಗದ ಅಳತೆ ಎಂದು ನಂಬಿದ ಬದುಕಿನಲ್ಲಿ, ನೋಯದ ಹಲ್ಲಿಗೆ ಗಡುವು ಇದೆಯೆಂಬ ಮಾತು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ. ಆ ಗಡುವು ಕೆಲವು ದಿನಗಳದ್ದು, ಹೆಚ್ಚೆಂದರೆ ಒಂದು ವಾರದ್ದು, ಮತ್ತು ಅದನ್ನು ತಾತ್ಕಾಲಿಕ ಕ್ರೀಮಾಗಲಿ ಲವಂಗದ ಎಣ್ಣೆಯಾಗಲಿ ಮುಂದೆ ಹಾಕಲಾರದು. ಅವು ಮಾಡುವುದು ವೈದ್ಯರನ್ನು ಕಾಣುವವರೆಗೆ ಹಲ್ಲಿಗೆ ಇನ್ನಷ್ಟು ಹಾನಿಯಾಗದಂತೆ ನೋಡಿಕೊಳ್ಳುವ ಕೆಲಸವನ್ನಷ್ಟೇ. ಈ ಬರಹಗಾರನ ಕುಟುಂಬದಲ್ಲಿ ಆಮೇಲೆ ಯಾರದೇ ಕ್ಯಾಪ್ ಕಳಚಿದ ಸುದ್ದಿ ಬಂದರೂ, ಬಾಯಿಯ ಆ ಬದಿ ಇಂದಿಗೂ ಬರಿದಾಗಿಯೇ ಇರುವ ತಂದೆ, ನೋವಿನ ಮಾತೆತ್ತದೆ ನೇರವಾಗಿ ಕೇಳುವುದು ಇಷ್ಟು: "ಒಳಗಿನ ಹಲ್ಲು ಗಟ್ಟಿ ಐತೇನು? ಕ್ಯಾಪ್ ಎಲ್ಲಿಟ್ಟಿ? ಡಾಕ್ಟ್ರು ನಾಳೆ ಎಷ್ಟಕ್ಕ ಬರ್ತಾರಂತ?"